ಕಾರ್ಮಿಕರ ಗಾಯ ಪರಿಹಾರದ ಭಾಷಣವನ್ನು ಬಿಡಿಸಿ ಓದುವ ಬಗೆ: ರೂಸ್‌ವೆಲ್ಟರ 1908ರ ಸಂದೇಶವನ್ನು ಮುಂದಿಟ್ಟುಕೊಂಡು

ಕಾರ್ಖಾನೆಯಲ್ಲಿ ಒಬ್ಬರ ಬೆರಳು ತುಂಡಾದರೆ ಎರಡು ಪ್ರಶ್ನೆ ಏಳುತ್ತವೆ. ತಪ್ಪು ಯಾರದು? ಮುಂದಿನ ಹೊರೆ ಹೊರುವವರು ಯಾರು? ಗಾಯ ಪರಿಹಾರದ ಬಗ್ಗೆ ಮಾತಾಡುವ ರಾಜಕಾರಣಿ ಕೇಳುಗರನ್ನು ಮೊದಲ ಪ್ರಶ್ನೆಯಲ್ಲೇ ನಿಲ್ಲಿಸುತ್ತಾರೋ, ಎರಡನೆಯದಕ್ಕೆ ದಾಟಿಸುತ್ತಾರೋ ಎಂಬುದನ್ನು ಗುರುತಿಸಿದರೆ ಭಾಷಣದ ಅರ್ಧ ಗುಟ್ಟು ಸಿಕ್ಕಂತೆಯೇ. ಯೂನಿಯನ್ ಕಾರ್ಯಕರ್ತರು, ವರದಿಗಾರರು, ಚರ್ಚಾಸ್ಪರ್ಧೆಗೆ ತಯಾರಾಗುವ ವಿದ್ಯಾರ್ಥಿಗಳು ಎರಡು ಗಂಟೆ ಕೊಟ್ಟು ಈ ಕೆಲಸ ಕಲಿಯಬಹುದು.

ಅಭ್ಯಾಸಕ್ಕೆ ಆರಿಸಿಕೊಂಡಿರುವುದು ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1908ರ ಜನವರಿ 31ರಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಕಳಿಸಿದ ವಿಶೇಷ ಸಂದೇಶದ ಆರಂಭದ ಭಾಗ. ಬೇರೆ ದೇಶದ್ದು, ನೂರು ವರ್ಷಕ್ಕೂ ಹಳೆಯದು. ಆದರೆ ಮೊದಲ ಅಭ್ಯಾಸಕ್ಕೆ ಹೀಗಿರುವುದೇ ಒಳ್ಳೆಯದು. ಇಂದಿನ ನಾಯಕರ ಭಾಷಣ ಹಿಡಿದು ಕೂತರೆ ನಮ್ಮ ಪಕ್ಷಪ್ರೀತಿ ಅಡ್ಡ ಬರುತ್ತದೆ. ಇನ್ನೊಂದು ಅನುಕೂಲ, ಸಂದೇಶ ಹೋದ ನಾಲ್ಕು ತಿಂಗಳೊಳಗೆ ಅದೇ ವಿಷಯದ ಎರಡು ಕಾಯ್ದೆಗಳು ಬಂದವು. ಹೇಳಿದ ಮಾತನ್ನೂ ಆದ ಕಾನೂನನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಒಂದು ಎಚ್ಚರಿಕೆ. 1801ರಿಂದ 1913ರವರೆಗೆ ಅಮೆರಿಕದ ಅಧ್ಯಕ್ಷರು ಇಂಥ ಸಂದೇಶಗಳನ್ನು ಬರೆದು ಕಳಿಸುತ್ತಿದ್ದರು, ತಾವೇ ಹೋಗಿ ಓದುತ್ತಿರಲಿಲ್ಲ. ಹಾಗಾಗಿ ದನಿಯ ಏರಿಳಿತ, ಚಪ್ಪಾಳೆಗೆ ಬಿಡುವ ಜಾಗ ಇಲ್ಲಿ ಸಿಗುವುದಿಲ್ಲ. ವೇದಿಕೆಯ ಭಾಷಣ ಬಿಡಿಸುವಾಗ ರೆಕಾರ್ಡಿಂಗ್ ಕೇಳುತ್ತಾ, ಚಪ್ಪಾಳೆ ಬಿದ್ದ ಕಡೆಯೆಲ್ಲ ಪಠ್ಯದಲ್ಲಿ ಗುರುತು ಹಾಕಿಕೊಳ್ಳಿ. ಚಪ್ಪಾಳೆ ಬಿದ್ದ ವಾಕ್ಯ ಒಂದಾಗಿದ್ದು, ಭಾಷಣಕಾರರು ಒಪ್ಪಿಸಬೇಕಿದ್ದ ವಾಕ್ಯ ಇನ್ನೊಂದಾಗಿರುವುದು ಬಹಳ ಸಲ ಕಾಣುತ್ತದೆ.

ತಯಾರಿ

ಪಠ್ಯವನ್ನು ಎಡಬಲ ಅಂಚು ಬಿಟ್ಟು ಮುದ್ರಿಸಿಕೊಳ್ಳಿ. ಪ್ರತಿ ವಾಕ್ಯಕ್ಕೂ ಸಂಖ್ಯೆ ಹಾಕಿ. ಮೂರು ಬಣ್ಣದ ಪೆನ್ಸಿಲ್ ಬೇಕು: ವಾಕ್ಯದ ಕರ್ತೃವಿಗೆ, ಅಂದರೆ ಮಾಡಿದವರಿಗೆ ಕೆಂಪು, ಮನಸ್ಸು ಕಲಕುವ ಪದಗಳಿಗೆ ನೀಲಿ, ಪರೀಕ್ಷಿಸಿ ನೋಡಬಹುದಾದ ಹೇಳಿಕೆಗಳಿಗೆ ಹಸಿರು. ಮೊದಲ ಓದಿನಲ್ಲಿ ಏನೂ ಗೀಚಬೇಡಿ, ಸುಮ್ಮನೆ ಓದಿ. ಬಣ್ಣ ಎರಡನೇ ಓದಿಗೆ.

ಹೆಚ್ಚಿನವರು ಎಡವುವುದು ಇಲ್ಲೇ. ಎಥೋಸ್ (ಮಾತಾಡುವವರ ಮೇಲಿನ ನಂಬಿಕೆ), ಪೇಥೋಸ್ (ಭಾವನೆ), ಲೋಗೋಸ್ (ತರ್ಕ) ಎಂಬ ಮೂರು ಚೀಟಿ ಕೈಯಲ್ಲಿ ಹಿಡಿದು, ಈ ವಾಕ್ಯಕ್ಕೆ ಇದು, ಆ ವಾಕ್ಯಕ್ಕೆ ಅದು ಎಂದು ಅಂಟಿಸಿ ಮುಗಿಸುತ್ತಾರೆ. ಭಾಷಣದಲ್ಲಿ ಭಾವನೆ ಇದೆ, ತರ್ಕ ಇದೆ ಎಂಬುದು ಚೀಟಿಯಿಲ್ಲದೆಯೂ ಗೊತ್ತಾಗುತ್ತದೆ. ಆ ಭಾವನೆ ಆ ಜಾಗದಲ್ಲೇ ಏಕೆ ಬಂತು, ಯಾರ ಯಾವ ಆಕ್ಷೇಪವನ್ನು ತಡೆಯಲು ಬಂತು ಎಂಬುದು ನಮಗೆ ಬೇಕಾದದ್ದು. ಅದಕ್ಕೆ ಹಿನ್ನೆಲೆ ಗೊತ್ತಿರಬೇಕು.

ಹಿನ್ನೆಲೆ: ಮಾಲೀಕರ ಕೈಯಲ್ಲಿದ್ದ ಮೂರು ಗುರಾಣಿ

ಆ ಕಾಲದ ಅಮೆರಿಕದಲ್ಲಿ ಗಾಯಗೊಂಡ ಕೆಲಸಗಾರ ಕೋರ್ಟಿಗೆ ಹೋದರೆ ಮಾಲೀಕರ ಪರ ವಕೀಲರು ಮೂರು ಮಾತು ಹೇಳುತ್ತಿದ್ದರು. ನಿನ್ನದೇ ಅಜಾಗರೂಕತೆಯೂ ಇತ್ತು. ತಪ್ಪು ನಿನ್ನ ಜೊತೆ ಕೆಲಸಗಾರನದು, ಮಾಲೀಕನದಲ್ಲ. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದೆ. ಮೂರರಲ್ಲಿ ಒಂದು ನಿಂತರೂ ಕೆಲಸಗಾರನಿಗೆ ಏನೂ ಸಿಗುತ್ತಿರಲಿಲ್ಲ. ಸರ್ಕಾರಿ ನೌಕರರ ಪಾಡು ಇನ್ನೂ ಕಷ್ಟ. ಸರ್ಕಾರದ ಮೇಲೆ ದಾವೆ ಹೂಡುವ ಹಕ್ಕೇ ಅವರಿಗೆ ಇರಲಿಲ್ಲ.

ರೈಲ್ವೆ ಕೆಲಸಗಾರರಿಗಾಗಿ 1906ರಲ್ಲಿ ಒಂದು ಹೊಣೆಗಾರಿಕೆ ಕಾಯ್ದೆ ಬಂದಿತ್ತು. ಅದು ಒಂದೇ ರಾಜ್ಯದೊಳಗಿನ ವ್ಯವಹಾರದ ಕೆಲಸಗಾರರನ್ನೂ ಒಳಗೊಂಡಿದೆ, ಅಷ್ಟು ಅಧಿಕಾರ ಕೇಂದ್ರಕ್ಕಿಲ್ಲ ಎಂದು 1908ರ ಜನವರಿ 6ರಂದು ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಅದನ್ನು ರದ್ದು ಮಾಡಿತು. ರೂಸ್‌ವೆಲ್ಟರ ಸಂದೇಶ ಹೊರಟದ್ದು ಆ ತೀರ್ಪು ಬಂದ 25 ದಿನಕ್ಕೆ. ಅದು ಕೇಳಿದ್ದು ಎರಡು: ರೈಲ್ವೆ ಕಾಯ್ದೆ ಮತ್ತೆ ಬರಲಿ, ಗಾಯಗೊಂಡ ಸರ್ಕಾರಿ ನೌಕರರಿಗೆ ಪರಿಹಾರ ಸಿಗಲಿ. ಈ ದಿನಾಂಕಗಳನ್ನು ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ. ಯಾವ ಗಾಯ ಇನ್ನೂ ಹಸಿಯಾಗಿತ್ತು, ಯಾರು ಸಿಟ್ಟಾಗಿದ್ದರು, ಯಾರು ನಿಟ್ಟುಸಿರು ಬಿಟ್ಟಿದ್ದರು ಎಂಬುದು ಗೊತ್ತಿಲ್ಲದೆ ಯಾವ ರಾಜಕೀಯ ಭಾಷಣವೂ ಅರ್ಥವಾಗುವುದಿಲ್ಲ.

ಕೆಂಪು ಪೆನ್ಸಿಲ್: ವಾಕ್ಯದಲ್ಲಿ ಮಾಡಿದವರು ಯಾರು

ಸರ್ಕಾರಿ ನೌಕರರ ಭಾಗಕ್ಕೆ ಬನ್ನಿ. ಈಗಿನ ಕಾನೂನಿನಲ್ಲಿ ಗಾಯಗೊಂಡವನಿಗೆ ದಾರಿಯೇ ಇಲ್ಲ, ಅಪಘಾತದ ಪೂರ್ತಿ ಹೊರೆ ಆ ಅಸಹಾಯಕ ಮನುಷ್ಯ, ಅವನ ಹೆಂಡತಿ, ಅವನ ಪುಟ್ಟ ಮಕ್ಕಳ ಮೇಲೆ ಬೀಳುತ್ತದೆ ಎನ್ನುತ್ತಾರೆ ರೂಸ್‌ವೆಲ್ಟ್. ಇಲ್ಲಿ ಕೆಂಪು ಗೆರೆ ಬೀಳುವುದು ಹೊರೆಯ ಮೇಲೆ. ಯಂತ್ರ ಓಡಿಸಿದವರು, ಮೇಸ್ತ್ರಿ, ಅಧಿಕಾರಿ ಯಾರೂ ಈ ವಾಕ್ಯದಲ್ಲಿಲ್ಲ. ಇಡೀ ಭಾಗದ ಕೀಲಿ ಇದು. ತಪ್ಪು ಮಾಡಿದವರನ್ನು ವಾಕ್ಯದಿಂದ ಹೊರಗಿಟ್ಟರೆ ತಪ್ಪು ಯಾರದು ಎಂಬ ಪ್ರಶ್ನೆ ತಾನಾಗಿಯೇ ಹಿಂದೆ ಸರಿಯುತ್ತದೆ. ಮೂರು ಗುರಾಣಿಗಳೂ ತಪ್ಪಿನ ಪ್ರಶ್ನೆಗೆ ಎತ್ತುವ ಗುರಾಣಿಗಳು. ಹೊರೆಯ ಪ್ರಶ್ನೆಗೆ ಅವು ಕೆಲಸಕ್ಕೆ ಬರುವುದಿಲ್ಲ.

ಕರ್ತೃವನ್ನು ಮರೆಸುವುದು ಯಾವಾಗಲೂ ಮೋಸವೆಂದು ತಿಳಿಯಬಾರದು ಎಂಬುದಕ್ಕೂ ಇದು ಸಾಕ್ಷಿ. ಇಲ್ಲಿ ಅದು ಕೆಲಸಗಾರನ ಪರವಾಗಿ ದುಡಿಯುತ್ತದೆ. ಅದೇ ಉಪಾಯ ತಿರುಗಿಯೂ ನಿಲ್ಲಬಲ್ಲದು. ನಮ್ಮಲ್ಲಿ ‘ಕೈ ಮಿಷನ್ನಿಗೆ ಸಿಕ್ಕಿತು’, ‘ಜೀವ ಹೋಯಿತು’, ‘ದುರಂತ ನಡೆದುಹೋಯಿತು’ ಎನ್ನುತ್ತಾರಲ್ಲ, ಅಲ್ಲಿಯೂ ಮಾಡಿದವರಿಲ್ಲ. ಉತ್ಪಾದನೆ ಹೆಚ್ಚಲಿ ಎಂದು ಪವರ್ ಪ್ರೆಸ್ ಎಂಬ ಲೋಹ ಒತ್ತುವ ಯಂತ್ರದ ರಕ್ಷಣೆಯ ಗಾರ್ಡ್ ಬಿಚ್ಚಿಸಿದವರಿದ್ದರೂ ವಾಕ್ಯ ಅವರನ್ನು ಕಾಣಗೊಡುವುದಿಲ್ಲ. ಆದ್ದರಿಂದ ಕರ್ತೃ ಕಾಣೆಯಾದ ಪ್ರತಿ ಕಡೆ ಅಂಚಿನಲ್ಲಿ ಬರೆಯಿರಿ: ಇದರಿಂದ ಯಾರ ಹೆಗಲು ಹಗುರಾಯಿತು?

ನೀಲಿ ಪೆನ್ಸಿಲ್: ಭಾವನೆಯ ಅಳತೆ

ಹೆಂಡತಿ, ಪುಟ್ಟ ಮಕ್ಕಳು ಬಂದ ವಾಕ್ಯದ ಬೆನ್ನಿಗೇ ಇದು ಘೋರ ಅನ್ಯಾಯ ಎಂಬ ಅರ್ಥದ, ಮೂರ್ನಾಲ್ಕು ಪದದ ಒಂದು ಪುಟ್ಟ ವಾಕ್ಯ ಬರುತ್ತದೆ. ಉದ್ದ ವಾಕ್ಯಗಳ ನಡುವೆ ಮೊಳೆ ಹೊಡೆದಂತೆ ಕೂರುತ್ತದೆ. ನಂತರ ಇದು ರಾಷ್ಟ್ರಕ್ಕೆ ಅವಮಾನ ಎಂಬ ಮಾತು.

ಇಲ್ಲಿ ಎರಡು ಸಂಗತಿ ಅಳೆಯಿರಿ. ಭಾವನೆಗೆ ಎಷ್ಟು ಜಾಗ ಸಿಕ್ಕಿದೆ? ವಾಕ್ಯದ ಸಂಖ್ಯೆ ನೋಡಿದರೆ ಕೆಲವೇ ಸಾಲು. ಯಾವ ಕುಟುಂಬದ ಹೆಸರೂ ಇಲ್ಲ, ರಕ್ತದ ವರ್ಣನೆ ಇಲ್ಲ. ಎರಡನೆಯದು, ಕೆರಳಿಸುತ್ತಿರುವುದು ಯಾವ ಭಾವನೆಯನ್ನು? ಕರುಣೆ ಒಂದು ಸಾಲಿನಲ್ಲಿ ಬಂದು ಕೂಡಲೇ ನಾಚಿಕೆಯಾಗಿ ಮಾರ್ಪಡುತ್ತದೆ. ಕರುಣೆಯಿಂದ ದಾನ ಹುಟ್ಟುತ್ತದೆ, ನಾಚಿಕೆಯಿಂದ ಕಾನೂನು ಹುಟ್ಟಬಹುದು. ಶಾಸಕರ ಮುಂದೆ ಮಾತಾಡುವವರಿಗೆ ಬೇಕಾದದ್ದು ಎರಡನೆಯದು.

ನಾಚಿಕೆಗೆ ಒರೆಗಲ್ಲು ಹೋಲಿಕೆ. ಬೇರೆ ಯಾವ ಪ್ರಮುಖ ಕೈಗಾರಿಕಾ ದೇಶದಲ್ಲೂ ಇಂಥ ಅನ್ಯಾಯ ಆಗಲಾರದು, ಬಹುತೇಕ ನಾಗರಿಕ ರಾಷ್ಟ್ರಗಳು ಈ ತತ್ವವನ್ನು ಒಪ್ಪಿವೆ ಎನ್ನುತ್ತಾರೆ. ಹಸಿರು ಪೆನ್ಸಿಲ್ಲೂ ಇಲ್ಲಿ ಬೇಕು, ಏಕೆಂದರೆ ಇದನ್ನು ಪರೀಕ್ಷಿಸಬಹುದು. ಜರ್ಮನಿಯ ಅಪಘಾತ ವಿಮಾ ಕಾನೂನು 1884ರದು. ಬ್ರಿಟನ್ನಿನ ಕಾರ್ಮಿಕ ಪರಿಹಾರ ಕಾಯ್ದೆ 1897ರದು. ಹೋಲಿಕೆಗೆ ನೆಲೆ ಇದೆ. ‘ಎಲ್ಲ’ ಎನ್ನದೆ ‘ಬಹುತೇಕ’ ಎಂದಿರುವುದನ್ನೂ ಗಮನಿಸಿ. ಒಪ್ಪದ ಒಂದು ದೇಶ ತೋರಿಸಿ ಇಡೀ ವಾದ ಬೀಳಿಸಲು ಎದುರಾಳಿಗೆ ಅವಕಾಶ ಸಿಗಬಾರದೆಂಬ ಎಚ್ಚರ ಆ ಒಂದು ಪದದಲ್ಲಿದೆ.

ವಾದದ ನಡುಮನೆ: ಕೂಲಿಯ ಹೋಲಿಕೆ

ಈ ಭಾಗಕ್ಕೆ ನಿಮ್ಮ ಎರಡು ಗಂಟೆಯಲ್ಲಿ ಅರ್ಧ ಗಂಟೆಯನ್ನಾದರೂ ಎತ್ತಿಡಿ. ಕೂಲಿ ಪಡೆಯಲು ಕೆಲಸಗಾರನಿಗೆ ಹೇಗೆ ಹಕ್ಕಿದೆಯೋ, ಕೆಲಸದ ಸಹಜ ಓಟದಲ್ಲಿ ಆದ ಗಾಯಕ್ಕೆ ಪರಿಹಾರ ಪಡೆಯಲೂ ಹಾಗೆಯೇ ಹಕ್ಕಿರಬೇಕು ಎನ್ನುತ್ತಾರೆ ರೂಸ್‌ವೆಲ್ಟ್. ಪರಿಹಾರವನ್ನು ದಾನದ ಪಟ್ಟಿಯಿಂದ ತೆಗೆದು ಸಂಬಳದ ಪಟ್ಟಿಗೆ ಸೇರಿಸಿದ ಮಾತು ಇದು. ಕೂಲಿ ಕೊಟ್ಟ ಮಾಲೀಕನಿಗೆ ಯಾರೂ ಹಾರ ಹಾಕುವುದಿಲ್ಲ. ಕೊಡದಿದ್ದರೆ ಕೇಳುತ್ತಾರೆ. ಪರಿಹಾರವೂ ಅಷ್ಟೇ ಸಹಜವಾಗಬೇಕೆಂಬ ಬೇಡಿಕೆ ಹೋಲಿಕೆಯ ಹೊಟ್ಟೆಯಲ್ಲಿದೆ.

ಮುಂದಿನ ಹೆಜ್ಜೆ ಮಾಲೀಕರ ಕಡೆಗೆ. ಇಂಥ ಕಾನೂನೆಂದರೆ ಮಾಲೀಕರಿಗೆ ದಂಡ ಹಾಕುವುದಲ್ಲ, ಆಗಿಯೇ ತೀರುವ ಅಪಘಾತಗಳಿಗೆ ವಿಮೆಯ ಹೊರೆ ಹೊರಿಸುವುದಷ್ಟೇ ಎನ್ನುತ್ತಾರೆ. ಹಂಚಿದರೆ ಸುಲಭವಾಗಿ ಹೊರಬಹುದಾದ ನಷ್ಟ, ಹಂಚದಿದ್ದರೆ ಒಬ್ಬನನ್ನೇ ಭೀಕರವಾಗಿ ಜಜ್ಜುತ್ತದೆ. ಇಲ್ಲಿ ಮಾತಿನ ದನಿ ಪೂರ್ತಿ ಬದಲಾಗುತ್ತದೆ. ಅನ್ಯಾಯ, ಅವಮಾನ ಹಿಂದೆ ಉಳಿದು ಬಡ್ಡಿ, ವಿಮೆ, ಹಂಚಿಕೆಯ ಪದಗಳು ಬರುತ್ತವೆ. ಓದುಗ ಬದಲಾದ ಎಂಬುದರ ಗುರುತು ಇದು. ಭಾಷಣದಲ್ಲಿ ಶಬ್ದಕೋಶ ಹಠಾತ್ತನೆ ಬದಲಾದ ಕಡೆ ಅಡ್ಡಗೆರೆ ಎಳೆದು, ಮೇಲಿನದು ಯಾರಿಗೆ, ಕೆಳಗಿನದು ಯಾರಿಗೆ ಎಂದು ಬರೆಯಿರಿ.

ನಂತರ ‘ಸಿದ್ಧಾಂತದ ಮಟ್ಟಿಗೆ’ ಎಂದು ಆರಂಭವಾಗುವ ಎರಡು ವಾಕ್ಯಗಳು ಒಂದರ ಹಿಂದೆ ಒಂದು ಬರುತ್ತವೆ. ಕೂಲಿ ಯಾವಾಗಲೂ ನ್ಯಾಯವಾಗಿ ನಿಗದಿಯಾಗುತ್ತಿದ್ದರೆ ಅಪಾಯದ ಬೆಲೆಯೂ ಅದರಲ್ಲಿ ಸೇರಿರುತ್ತಿತ್ತು, ಕೆಲಸಗಾರರೆಲ್ಲ ನುರಿತ ವ್ಯಾಪಾರಸ್ಥರಾಗಿದ್ದರೆ ಆ ಹೆಚ್ಚುವರಿ ಹಣದಲ್ಲಿ ತಾವೇ ವಿಮೆ ಮಾಡಿಸುತ್ತಿದ್ದರು ಎಂದು. ಇದು ಎದುರಾಳಿಯ ವಾದವನ್ನು ಅವನಿಗಿಂತ ಮೊದಲೇ, ಅವನಿಗಿಂತ ಚೆನ್ನಾಗಿ ಹೇಳುವ ತಂತ್ರ. ವಾದ ಕಲ್ಪಿತವಾದದ್ದಲ್ಲ. 1842ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯಾಯಾಲಯ ಫಾರ್ವೆಲ್ ಎಂಬ ರೈಲು ಎಂಜಿನ್ ಚಾಲಕನ ಪ್ರಕರಣದಲ್ಲಿ ಇದನ್ನೇ ಹೇಳಿತ್ತು. ಹಳಿ ಬದಲಿಸುವವನ ತಪ್ಪಿನಿಂದ ಬಲಗೈ ಕಳೆದುಕೊಂಡ ಆತನಿಗೆ ದಿನಕ್ಕೆ ಎರಡು ಡಾಲರ್ ಕೂಲಿ ಇತ್ತು, ಅಪಾಯದ ಬೆಲೆ ಅದರೊಳಗೇ ಇದೆ ಎಂಬುದು ತೀರ್ಪಿನ ತಿರುಳು. ರೂಸ್‌ವೆಲ್ಟ್ ಆ ವಾದವನ್ನು ಹಳಿಯುವುದಿಲ್ಲ, ಸಿದ್ಧಾಂತವೆಂದು ಒಪ್ಪುತ್ತಾರೆ. ‘ಆದರೆ ವಾಸ್ತವದಲ್ಲಿ’ ಎಂದು ಮೂರನೇ ವಾಕ್ಯದಲ್ಲಿ ಅದನ್ನು ಮಡಿಚಿಡುತ್ತಾರೆ. ಒಪ್ಪಿ ಮಡಿಚುವುದಕ್ಕೂ ಬೈದು ತಳ್ಳುವುದಕ್ಕೂ ಅಂತರವಿದೆ. ಬೈದರೆ ಎದುರಾಳಿ ಪಕ್ಷದ ಸದಸ್ಯ ಗಟ್ಟಿಯಾಗುತ್ತಾನೆ. ಒಪ್ಪಿದರೆ ಅವನಿಗೆ ಮುಖ ಉಳಿಸಿಕೊಂಡು ಮತ ಹಾಕುವ ದಾರಿ ಸಿಗುತ್ತದೆ.

ಹಸಿರು ಪೆನ್ಸಿಲ್: ಬಿರುಕು ಹುಡುಕುವುದು

ಒಳ್ಳೆಯ ಉದ್ದೇಶದ ಭಾಷಣದಲ್ಲೂ ಬಿರುಕುಗಳಿರುತ್ತವೆ. ನಾವು ಒಪ್ಪುವ ಭಾಷಣದಲ್ಲಿ ಅವನ್ನು ಹುಡುಕುವುದೇ ನಿಜವಾದ ಪರೀಕ್ಷೆ.

ಈ ಕಾನೂನಿನಿಂದ ಕೊನೆಗೆ ಮಾಲೀಕನ ಮೇಲೆ ನಿಜವಾದ ಹೆಚ್ಚುವರಿ ಹೊರೆ ಏನೂ ಬೀಳದು ಎಂಬ ಹೇಳಿಕೆಗೆ ಹಸಿರು ಗೆರೆ ಎಳೆಯಿರಿ. ಅದಕ್ಕೆ ಆಧಾರವಾಗಿ ಒಂದು ಅಂಕಿಯೂ ಇಲ್ಲ. ಹೊರೆ ಹಂಚಿದರೆ ಹಗುರಾಗುತ್ತದೆ ನಿಜ, ಮಾಯವಾಗುವುದಿಲ್ಲ. ಅದು ಸರಕಿನ ಬೆಲೆಗೋ ಲಾಭಕ್ಕೋ ಕೂಲಿಗೋ ತಟ್ಟಲೇಬೇಕು. ಯಾವುದಕ್ಕೆ ಎಂದು ಈ ಭಾಗ ಹೇಳುವುದಿಲ್ಲ.

ಎರಡನೇ ಬಿರುಕು ಇನ್ನೂ ಸೂಕ್ಷ್ಮ. ಸಂದೇಶ ಎರಡು ಬೇರೆ ಬೇರೆ ಕಾನೂನುಗಳ ಬಗ್ಗೆ ಮಾತಾಡುತ್ತಿದೆ. ರೈಲ್ವೆಗೆ ಕೇಳಿದ್ದು ಮಾಲೀಕರ ಹೊಣೆಗಾರಿಕೆ ಕಾಯ್ದೆ, ಅಲ್ಲಿ ತಪ್ಪು ಸಾಬೀತು ಮಾಡಲೇಬೇಕು. ಸರ್ಕಾರಿ ನೌಕರರಿಗೆ ಕೇಳಿದ್ದು ತಪ್ಪಿನ ವಿಚಾರಣೆಯೇ ಬೇಡದ ಪರಿಹಾರ. ವಿಮೆಯ ವಾದ ಹೊಂದುವುದು ಎರಡನೆಯದಕ್ಕೆ. ಸಂದೇಶ ಅದನ್ನು ಮೊದಲನೆಯದರ ಹೆಸರಿಗೂ ಹೊಂದಿಸಿಬಿಡುತ್ತದೆ. ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸಿದ ಕಡೆ ಹೀಗೆ ವಾದ ಜಾರುತ್ತದೆ. ಆದ್ದರಿಂದ ಮುಖ್ಯ ಪದ ಬಂದ ಪ್ರತಿ ಸಾಲಿನಲ್ಲೂ ಅದರ ಅರ್ಥವನ್ನು ಬಿಡಿಸಿ ಬರೆದು ನೋಡಿ.

ಮಾತಿನ ಪಕ್ಕದಲ್ಲಿ ಕಾಯ್ದೆ

ಹಾಳೆಯನ್ನು ಉದ್ದಕ್ಕೆ ಮಡಿಚಿ. ಎಡಗಡೆ ಕೇಳಿದ್ದು, ಬಲಗಡೆ ಸಿಕ್ಕಿದ್ದು.

ರೈಲ್ವೆ ಕಾಯ್ದೆ 1908ರ ಏಪ್ರಿಲ್ 22ರಂದು ಮತ್ತೆ ಬಂತು, ಅಂತರರಾಜ್ಯ ವ್ಯವಹಾರಕ್ಕೆ ಸೀಮಿತವಾಗಿ. ಸರ್ಕಾರಿ ನೌಕರರ ಕಾಯ್ದೆ ಮೇ 30ರಂದು ಬಂತು. ಸಂದೇಶ ಕೇಳಿದ್ದು ಎಲ್ಲ ಕೂಲಿಗಳು, ಮೆಕ್ಯಾನಿಕ್‌ಗಳು, ಇತರ ನಾಗರಿಕ ನೌಕರರಿಗೆ. ಸಿಕ್ಕಿದ್ದು ಸರ್ಕಾರಿ ಕಾರ್ಖಾನೆ, ಶಸ್ತ್ರಾಗಾರ, ನೌಕಾಪಡೆಯ ಹಡಗುಕಟ್ಟೆ, ಪನಾಮ ಕಾಲುವೆಯಂಥ ಪಟ್ಟಿ ಮಾಡಿದ ಅಪಾಯಕರ ಕೆಲಸಗಳಿಗೆ ಮಾತ್ರ. ಸಂಬಳ ಮುಂದುವರಿಯುವುದು ಹೆಚ್ಚೆಂದರೆ ಒಂದು ವರ್ಷ. ಗಾಯದಿಂದ ಕೆಲಸ ತಪ್ಪಿದ್ದು 15 ದಿನ ದಾಟದಿದ್ದರೆ ಏನೂ ಇಲ್ಲ. ಎಲ್ಲಕ್ಕಿಂತ ಭಾರವಾದ ವ್ಯತ್ಯಾಸ ಒಂದು ಪದದಲ್ಲಿದೆ. ಬೇಕೆಂದೇ ಮಾಡಿದ ದುರ್ನಡತೆಯೊಂದನ್ನೇ ಸಂದೇಶ ಹೊರಗಿಟ್ಟಿತ್ತು. ಕಾಯ್ದೆ ಗಾಯಾಳುವಿನ ಅಜಾಗರೂಕತೆಯನ್ನೂ ಹೊರಗಿಟ್ಟಿತು. ಸಂದೇಶ ಮುಂಬಾಗಿಲಿಂದ ಕಳಿಸಿದ್ದ ತಪ್ಪಿನ ಪ್ರಶ್ನೆ ಕಾಯ್ದೆಯ ಹಿತ್ತಿಲ ಬಾಗಿಲಿಂದ ಒಳಬಂತು. ಅದನ್ನು ಸರಿಪಡಿಸಿದ ವಿಶಾಲ ಕಾಯ್ದೆಗೆ 1916ರವರೆಗೆ ಕಾಯಬೇಕಾಯಿತು.

ನಮ್ಮ ಭಾಷಣಗಳಿಗೆ ಬಂದಾಗ

ಇದೇ ಮೂರು ಪೆನ್ಸಿಲ್ ಹಿಡಿದು ಕನ್ನಡದ ಭಾಷಣಕ್ಕೆ ಕೂತರೆ ಮೊದಲು ಎದುರಾಗುವುದು ‘ಪರಿಹಾರ’ ಎಂಬ ಪದ. ಅಪಘಾತದ ಮರುದಿನ ಮಂತ್ರಿಗಳು ಘೋಷಿಸುವ ಅನುಕಂಪದ ಮೊತ್ತವೂ ಪರಿಹಾರವೇ. ಕಾನೂನಿನಂತೆ ಮಾಲೀಕರು ಕೊಡಲೇಬೇಕಾದ ಮೊತ್ತವೂ ಪರಿಹಾರವೇ. ಮೊದಲನೆಯದು ಸರ್ಕಾರದ ವಿವೇಚನೆ, ಎರಡನೆಯದು ಹಕ್ಕು. ಭಾಷಣದಲ್ಲಿ ಪದ ಬಂದಾಗೆಲ್ಲ ಯಾವುದೆಂದು ಗುರುತಿಸಿ. ಎರಡೂ ಬೆರೆತರೆ, ಐದು ಲಕ್ಷದ ಘೋಷಣೆ ಕೇಳಿದ ಕುಟುಂಬ ಇಷ್ಟೇ ಬರುವುದೆಂದು ತಿಳಿದು ಕ್ಲೇಮು ಹಾಕುವುದನ್ನೇ ಬಿಡುತ್ತದೆ. ಇದರಿಂದ ಆಗುವ ನಷ್ಟ ಬಹಳ ದೊಡ್ಡದು, ಅಂಕಿ ನೋಡಿ.

ಮೃತಪಟ್ಟರೆ ತಿಂಗಳ ವೇತನದ ಶೇ 50ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು ಭಾರತದ 1923ರ ನೌಕರರ ಪರಿಹಾರ ಕಾಯ್ದೆಯ ಸೂತ್ರ. 30 ವರ್ಷಕ್ಕೆ ಗುಣಕ 207.98. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಲಾಯಿತು, ಸಂಬಳ 24,000 ಇದ್ದರೂ ಹಿಡಿಯುವುದು ಅಷ್ಟನ್ನೇ. 7,500 × 207.98 ಎಂದರೆ 15,59,850 ರೂಪಾಯಿ. ಹೆಬ್ಬೆರಳು ಹೋದರೆ ಗಳಿಕೆ ಸಾಮರ್ಥ್ಯದಲ್ಲಿ ಶೇ 30 ನಷ್ಟ ಎಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. 25 ವರ್ಷದವರಿಗೆ ಗುಣಕ 216.91, ಶಾಶ್ವತ ಅಂಗವೈಕಲ್ಯಕ್ಕೆ ಹಿಡಿಯುವ ವೇತನದ ಶೇ 60 ಎಂದರೆ 9,000. ಗುಣಿಸಿ ಶೇ 30 ತೆಗೆದರೆ 5,85,657 ರೂಪಾಯಿ. ಈ ಅಂಕಿ ಕೈಯಲ್ಲಿದ್ದರೆ ‘ದೊಡ್ಡ ಮೊತ್ತ’ ಎಂಬ ಮಾತಿನ ತೂಕ ಕೂಡಲೇ ಗೊತ್ತಾಗುತ್ತದೆ.

ಲೆಕ್ಕದಲ್ಲಿ ಎಡವುವ ಜಾಗಗಳೂ ಇವೆ. ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿರುವವರಿಗೆ ಈ ಸೂತ್ರ ಹೊಂದದು, ಅವರಿಗೆ ವಿಮಾ ನಿಗಮದಿಂದ ತಿಂಗಳ ಲೆಕ್ಕದ ಸೌಲಭ್ಯ. 2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಶೇ 50, ಶೇ 60ರ ಸೂತ್ರ ಅಲ್ಲಿಯೂ ಉಳಿದಿದೆ, ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಷರತ್ತಿನೊಡನೆ ಸೇರಿದೆ. ಅಪಘಾತದ ದಿನ ಯಾವ ಕಾನೂನು, ಯಾವ ವೇತನ ಮಿತಿ ಜಾರಿಯಲ್ಲಿತ್ತು ಎಂದು ನೋಡಿಕೊಂಡೇ ಗುಣಿಸಿ.

‘ಕಾಯಕವೇ ಕೈಲಾಸ’, ‘ನಾಡು ಕಟ್ಟುವ ಶ್ರಮಿಕ ಬಂಧುಗಳು’ ಎಂಬ ಮಾತುಗಳಿಗೆ ನೀಲಿ ಬಣ್ಣ. ಹೊಗಳಿಕೆಯಲ್ಲಿ ತಪ್ಪೇನಿಲ್ಲ, ಆದರೆ ಅದರ ಮುಂದಿನ ಎರಡು ವಾಕ್ಯಗಳಲ್ಲಿ ಹಕ್ಕಿನ ಮಾತು ಬಂತೇ ಎಂದು ನೋಡಿ. ಕಂಟ್ರಾಕ್ಟರ್ ಮೂಲಕ ಬಂದ ಕೆಲಸಗಾರರ ಪರಿಹಾರಕ್ಕೆ ಮೂಲ ಮಾಲೀಕರೂ ಹೊಣೆ ಎಂಬುದು 1923ರಿಂದಲೂ ಕಾನೂನಿನಲ್ಲಿದೆ. ‘ಕಂಟ್ರಾಕ್ಟರ್ ಮೇಲೆ ಕಠಿಣ ಕ್ರಮ’ ಎಂಬ ಗುಡುಗಿನಲ್ಲಿ ಈ ಸಂಗತಿ ಮುಳುಗಿಹೋಗುವುದುಂಟು. ಕ್ರಮದ ಮಾತು ತಪ್ಪಿನ ಪ್ರಶ್ನೆಗೆ ಸೇರಿದ್ದು, ಆ ಮನೆಯ ಮುಂದಿನ ತಿಂಗಳ ಅಕ್ಕಿಗೆ ಉತ್ತರ ಇರುವುದು ಹೊರೆಯ ಪ್ರಶ್ನೆಯಲ್ಲಿ.

ಕೊನೆಗೆ ‘ಲಾಗುವುದು’ ಎಂದು ಮುಗಿಯುವ ಕ್ರಿಯಾಪದಗಳನ್ನೆಲ್ಲ ಕೆಂಪಿನಲ್ಲಿ ಸುತ್ತಿ. ‘ಸಂತ್ರಸ್ತರಿಗೆ ಶೀಘ್ರದಲ್ಲೇ ಸೂಕ್ತ ಪರಿಹಾರ ನೀಡಲಾಗುವುದು’ ಎಂಬ ವಾಕ್ಯದಲ್ಲಿ ಕೊಡುವವರಿಲ್ಲ, ದಿನವಿಲ್ಲ, ಮೊತ್ತವಿಲ್ಲ. ಅದರ ಕೆಳಗೆ ಖಾಲಿ ಬಿಟ್ಟು ಹೀಗೆ ಬರೆದುಕೊಳ್ಳಿ: ಯಾರು, ಯಾವ ಕಾನೂನಿನಡಿ, ಯಾರಿಗೆ, ಎಷ್ಟು ರೂಪಾಯಿ, ಯಾವ ತಾರೀಖಿನೊಳಗೆ, ಕೊಡದಿದ್ದರೆ ಎಷ್ಟು ಬಡ್ಡಿ. ಹಳೆಯ ಕಾಯ್ದೆಯಲ್ಲಿ ಕೊನೆಯ ಪ್ರಶ್ನೆಗೆ ಉತ್ತರವಿತ್ತು: ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಶೇ 50ರವರೆಗೆ ದಂಡ. ಆರು ಖಾಲಿ ಜಾಗಗಳಲ್ಲಿ ಭಾಷಣ ಎಷ್ಟನ್ನು ತುಂಬಿತು ಎಂದು ಎಣಿಸಿ, ಉಳಿದವನ್ನು ಪ್ರಶ್ನೆಯಾಗಿ ಬರೆದು ಮುಂದಿನ ಪತ್ರಿಕಾಗೋಷ್ಠಿಗೋ ಗೇಟ್ ಮೀಟಿಂಗಿಗೋ ಒಯ್ಯಿರಿ.